ಶ್ರಾವಕರ ಮನೆ ಮತ್ತು ಸೇವಾಧರ್ಮ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಪಂಚಕಲ್ಯಾಣದ ದಿನಗಳಲ್ಲಿ ಸ್ವಯಂಸೇವಕರಿಗೆ ಕೊರತೆಯಿರುವುದಿಲ್ಲ. ಗರ್ಭಕಲ್ಯಾಣದಿಂದ ಮೋಕ್ಷಕಲ್ಯಾಣದವರೆಗೆ ತರುಣರು ಎದೆಗೆ ಬಿಲ್ಲೆ ಧರಿಸಿ ಚಪ್ಪರದ ತುಂಬ ಓಡಾಡುತ್ತಾರೆ. ತಾಯಂದಿರು ಪಾಕಶಾಲೆಯನ್ನು ಬಿಟ್ಟು ಕದಲುವುದಿಲ್ಲ. ಚಪ್ಪರ ಬಿಚ್ಚಿದ ಮರುದಿನ ಅವರೆಲ್ಲ ಎಲ್ಲಿ ಹೋದರೆಂದು ಹುಡುಕಬೇಕಾಗುತ್ತದೆ. ಇದಕ್ಕೆ ತರುಣರನ್ನು ದೂರುವುದು ರೂಢಿ. ಆದರೆ ದೋಷವು ಹಿರಿಯರದೆಂದೇ ಹೇಳಬೇಕು. ನೀರು ಹಂಚುವ, ಕುರ್ಚಿ ಹೊರುವ ಕೆಲಸ ಕಿರಿಯರಿಗೆ. ಲೆಕ್ಕದ ಪುಸ್ತಕವೂ ತೀರ್ಮಾನವೂ ಹಿರಿಯರಿಗೆ. ಹೊಣೆಯಿಲ್ಲದ ಕೆಲಸದಲ್ಲಿ ಯಾರ ಮನಸ್ಸೂ ಬಹುಕಾಲ ನಿಲ್ಲದು.

ಜಿನಾಗಮವು ಸೇವೆಯನ್ನು ವೈಯಾವೃತ್ಯವೆಂದು ಕರೆದು ಆರು ಅಭ್ಯಂತರ ತಪಸ್ಸುಗಳಲ್ಲಿ ಸೇರಿಸಿದೆ. ಷೋಡಶ ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವುಂಟು. ಅದು ಮುಖ್ಯವಾಗಿ ಮುನಿಗಳ ಶುಶ್ರೂಷೆಯನ್ನು ಕುರಿತದ್ದಾದರೂ ಶ್ರಾವಕನ ಜೀವದಯೆಗೂ ಅದೇ ಮನೋಧರ್ಮ ಬೇಕು. ಉಪವಾಸದಂತೆ ಇದೂ ಮೈಯಿಂದ ಆಚರಿಸತಕ್ಕ ತಪಸ್ಸು. ಹಣ ಕೊಟ್ಟು ರಸೀದಿ ಪಡೆದು ಮುಗಿಸುವಂಥದಲ್ಲ. ರಸೀದಿ ಬೇಡವೆಂದು ಅರ್ಥವಲ್ಲ, ಬಸದಿಯ ಗೋಡೆ ಏಳುವುದು ಅದರಿಂದಲೇ.

ಈ ಸೀಮೆಗೆ ಇದು ಹೊಸ ಮಾತೂ ಅಲ್ಲ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಪ್ರಯತ್ನಶೀಲರಾದರೆ ಅದನ್ನು ಪಡೆಯಬಲ್ಲರೆಂದು ಬ್ರಹ್ಮಗಿರಿಯ ಬಂಡೆ ಸಾರುತ್ತದೆ. ಮುಂದುವರಿದು ತಾಯಿತಂದೆಯರ ಸೇವೆ, ಜೀವಿಗಳಲ್ಲಿ ದೃಢವಾದ ದಯೆ, ಸತ್ಯ, ಗುರುಗೌರವ, ಬಂಧುಗಳೊಡನೆ ಯೋಗ್ಯ ನಡತೆ, ಇವಿಷ್ಟನ್ನೂ ಒಟ್ಟಿಗೆ ವಿಧಿಸುತ್ತದೆ. ಬರೆಯಿಸಿದವನು ಬೌದ್ಧನೆಂಬುದು ಇಲ್ಲಿ ಅಡ್ಡಿಯಾಗಬೇಕಿಲ್ಲ. ಮನೆಯ ಧರ್ಮವನ್ನೂ ಜೀವದಯೆಯನ್ನೂ ಅವನು ಬೇರ್ಪಡಿಸಲಿಲ್ಲವೆಂಬುದೇ ಗಮನಿಸತಕ್ಕ ವಿಷಯ.

ಸೇವೆಗೆ ಕ್ಷೇತ್ರವನ್ನು ದೂರ ಅರಸಬೇಕಾಗಿಲ್ಲ. ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮಳೆ 500 ಮಿಲಿಮೀಟರಿಗಿಂತ ಕಡಿಮೆ. ಅದೂ ಕೈಕೊಟ್ಟ ವರ್ಷ ಗಿರಣಿಗೆ ಶೇಂಗಾ ಇಲ್ಲ, ದನಕ್ಕೆ ಹೊಟ್ಟೂ ಇಲ್ಲ. ಎರಡೂ ತಾಲೂಕುಗಳ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ಎತ್ತುಗಳಿವೆ. ಅವುಗಳನ್ನು ನೇಗಿಲಿಗೆ ಹೂಡುವುದಿಲ್ಲ. ಕಿಲಾರಿಗಳು ಅವುಗಳ ಹಿಂದೆಯೇ ಅಲೆದು ಕಾಯುತ್ತಾರೆ. ಬರಗಾಲದಲ್ಲಿ ಆ ಬಡವರು ಒಂದು ಹೊರೆ ಹುಲ್ಲಿಗಾಗಿ ಪಡುವ ಪಾಡನ್ನು ಕಂಡವರೇ ಬಲ್ಲರು. ಬೇರೆ ಊರುಗಳ ದಾನಿಗಳು ಮೇವು ಕಳುಹಿಸಿದ್ದುಂಟು. ಅಹಿಂಸೆಯನ್ನು ಪರಮಧರ್ಮವೆನ್ನುವ ಮನೆಗಳು ಅವರಿಗಿಂತ ಹಿಂದೆ ಬೀಳಬಾರದು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ಒಬ್ಬನ ಕೈಯಿಂದ ಆಗುವುದಿಲ್ಲ. ಒಬ್ಬನು ಮಗ್ಗದಲ್ಲಿ ಕುಳಿತರೆ ಮನೆಯ ಮತ್ತೊಬ್ಬರು ಕಂಡಿಕೆ ಸುತ್ತುತ್ತಾರೆ. ಸೇವೆಯನ್ನೂ ಹಾಗೆ ಮನೆಗೇ ವಹಿಸಬೇಕು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಉತ್ತಮವಾದುದೇ. ಆದರೆ ಕಾಲೇಜು ಮುಗಿದೊಡನೆ ವಿದ್ಯಾರ್ಥಿಯ ಪಾಲಿಗೆ ಅದೂ ಮುಗಿಯುತ್ತದೆ. ಮನೆಯ ಪಾಳಿ ಮುಗಿಯುವುದಿಲ್ಲ. ಒಂದು ವಾರಕ್ಕೆ ಒಂದು ಮನೆ. ಹುಲ್ಲು ಕೊಳ್ಳಲು ತಂದೆಯೊಡನೆ ಮಗನೂ ಮಗಳೂ ಹೋಗಲಿ, ತೂಕವನ್ನೂ ಲಾರಿ ಬಾಡಿಗೆಯನ್ನೂ ಮಕ್ಕಳೇ ಬರೆಯಲಿ, ತಿಂಗಳಿಗೊಮ್ಮೆ ಬಸದಿಯಲ್ಲಿ ಎದ್ದು ನಿಂತು ಓದಲಿ. ತಪ್ಪಿದರೆ ಹಿರಿಯರು ತಿದ್ದಬಹುದು, ಪುಸ್ತಕವನ್ನು ಮಾತ್ರ ಕಸಿದುಕೊಳ್ಳಬಾರದು. ಅಡುಗೆಮನೆಯಲ್ಲಿ ಸಾವಿರ ಜನಕ್ಕೆ ಅಳತೆ ತಪ್ಪದೆ ಬಡಿಸುವ ತಾಯಂದಿರನ್ನು ಸಮಿತಿಯ ಹೊರಗಿಡುವ ಪದ್ಧತಿಯೂ ನಿಲ್ಲಬೇಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಅಲ್ಲಿಂದಲೇ ಲಾರಿ ಗೊತ್ತುಮಾಡಬಹುದು, ಯುಗಾದಿಗೆ ಬಂದಾಗ ಹಟ್ಟಿಗೂ ಹೋಗಿಬರಬಹುದು. ಬೇಸಗೆಯಲ್ಲಿ ಪರೀಕ್ಷೆಗಳಿವೆಯೆಂಬ ಆಕ್ಷೇಪ ನ್ಯಾಯವಾದುದು. ಅಂಥ ಮನೆಗೆ ಕೊನೆಯ ಪಾಳಿ ಕೊಟ್ಟರಾಯಿತು.

ಮಹಾವೀರ ಜಯಂತಿ ಬರುವುದು ಚೈತ್ರ ಶುದ್ಧ ತ್ರಯೋದಶಿಯಂದು, ಹುಲ್ಲಿನ ಬಣವೆಗಳು ಕರಗುವ ಕಾಲದಲ್ಲಿ. ಅಂದಿನ ಮೊದಲ ಲಾರಿ ಮೇವು ಯಾವ ಮನೆಯ ಪಾಳಿಯೆಂಬುದನ್ನು ಈ ಚಪ್ಪರ ಬಿಚ್ಚುವ ಮೊದಲೇ ಬರೆದು ಬಸದಿಯ ಬಾಗಿಲಲ್ಲಿ ಅಂಟಿಸಬೇಕು.