ಕಾವು ಬೇಕು, ಬರೆ ಬೇಡ

(ಗುಡ್ಡಗಾಡು ಹಳ್ಳಿಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದು ನನಗೆ ಒಪ್ಪಿಸಿರುವ ವಿಷಯ ಚೀನಾ ದೇಶದ ಒಂದು ಶಾಖ ಚಿಕಿತ್ಸೆ. ಅದರ ಹೆಸರು ಮೊಕ್ಸಾ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗುಡ್ಡದ ಜನರಿಗೆ ಚೀನಾದ ಚಿಕಿತ್ಸೆ ಏಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ದೊಡ್ಡ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಈ ಚಿಕಿತ್ಸೆ ಈಗ ಹಣ ತೆತ್ತು ಪಡೆಯುವ ವಸ್ತುವಾಗಿದೆ. ಆದರೆ ಅದರ ತಿರುಳಾದ ಕಾವು ನಮ್ಮ ಮನೆಗಳಿಗೆ ಹೊಸದಲ್ಲ. ಅದೇ ಕಾವು ಅಳತೆ ಮೀರಿದಾಗ ನಮ್ಮ ಮನೆಗಳಲ್ಲಿ ಎಳೆಯ ಕೂಸುಗಳ ಮೈ ಸುಟ್ಟಿರುವುದೂ ಉಂಟು. ಆದುದರಿಂದ ದೂರದ ಒಂದು ಪದ್ಧತಿಯನ್ನು ಅರಿತು, ಅದರ ಬೆಳಕಿನಲ್ಲಿ ನಮ್ಮದನ್ನು ಪರಿಶೀಲಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಮೊಕ್ಸಾ ಎಂದರೇನು?

ನಮ್ಮ ದವನವನ್ನು ಎಲ್ಲರೂ ಬಲ್ಲಿರಿ. ಚೈತ್ರದ ದವನದ ಹುಣ್ಣಿಮೆಗೆ ದೇವರಿಗೆ ಏರಿಸುವ ಸುವಾಸನೆಯ ಸೊಪ್ಪು ಅದು. ಗಣೇಶನ ಪೂಜೆಯ ಇಪ್ಪತ್ತೊಂದು ಪತ್ರೆಗಳಲ್ಲಿ ಮಾಚಿಪತ್ರೆಯೂ ಒಂದು. ಇವೆರಡೂ ಆರ್ಟಿಮೀಸಿಯಾ ಎಂಬ ಸಸ್ಯಕುಲಕ್ಕೆ ಸೇರಿವೆ. ಚೀನಾದವರು ಮೊಕ್ಸಾಕ್ಕೆ ಬಳಸುವ ಗಿಡವೂ ಇದೇ ಕುಲದ್ದು. ಅದರ ಎಲೆಯ ಅಡಿಭಾಗದಲ್ಲಿ ನವಿರಾದ ಬಿಳಿಯ ರೋಮವಿರುತ್ತದೆ. ಎಲೆಯನ್ನು ಒಣಗಿಸಿ, ಕೆಲವೊಮ್ಮೆ ವರ್ಷಗಟ್ಟಲೆ ಹಳೆಯದಾಗಿಸಿ, ಕುಟ್ಟಿ, ಜರಡಿ ಹಿಡಿದರೆ ಹತ್ತಿಯಂಥ ನಾರು ಉಳಿಯುತ್ತದೆ. ಅದು ಭಗ್ಗನೆ ಉರಿಯದೆ ಊದುಬತ್ತಿಯಂತೆ ನಿಧಾನವಾಗಿ ಕನಲುತ್ತದೆ. ಜಪಾನೀಯರು ಇದನ್ನು ಮೊಗುಸ ಎನ್ನುತ್ತಾರೆ. ಯೂರೋಪಿನವರ ಬಾಯಲ್ಲಿ ಅದು ಮೊಕ್ಸಾ ಆಯಿತು.

ಬಳಸುವ ವಿಧಾನಗಳು ಹಲವು. ನಾರನ್ನು ಸಣ್ಣ ಗೋಪುರದಂತೆ ಉಂಡೆಮಾಡಿ, ಚರ್ಮದ ಮೇಲೆ ಹಸಿಶುಂಠಿಯ ಬಿಲ್ಲೆಯನ್ನಿಟ್ಟು, ಅದರ ಮೇಲೆ ಉಂಡೆಯನ್ನು ಹೊತ್ತಿಸುವುದು ಒಂದು. ಕಾಗದದಲ್ಲಿ ಸುತ್ತಿದ ಬತ್ತಿಯ ತುದಿಯನ್ನು ಹೊತ್ತಿಸಿ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಆ ಜಾಗ ನಸುಗೆಂಪಾಗುವವರೆಗೆ ಕಾಯಿಸುವುದು ಇನ್ನೊಂದು. ಉಂಡೆಯನ್ನು ನೇರವಾಗಿ ಚರ್ಮದ ಮೇಲೆಯೇ ಸುಟ್ಟು ಗುಳ್ಳೆ ಏಳಿಸುವ ಹಳೆಯ ವಿಧಾನವೂ ಇತ್ತು. ಇಂದು ಹೆಚ್ಚಿನವರು ಮುಟ್ಟದೆ ಕಾಯಿಸುವ ಬತ್ತಿಯನ್ನೇ ಆಯ್ದುಕೊಳ್ಳುತ್ತಾರೆ. ಈ ಚಿಕಿತ್ಸೆಗೆ ಚೀನೀಯರು ಬರೆಯುವ ಅಕ್ಷರದಲ್ಲಿ ಎರಡು ಭಾಗಗಳಿವೆ: ಮೇಲಿನದು ‘ಬಹುಕಾಲ’, ಕೆಳಗಿನದು ‘ಬೆಂಕಿ’.

ಇದರ ಪ್ರಾಚೀನತೆಗೆ ಲಿಖಿತ ಪುರಾವೆಯಿದೆ. ಚೀನಾದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ 1973ರಲ್ಲಿ ಸಮಾಧಿಯೊಂದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ ಅದು. ಆ ಗ್ರಂಥಗಳಲ್ಲಿ ದೇಹದ ನಾಳಗಳಿಗೆ ಶಾಖ ಕೊಡುವ ವಿವರಗಳಿವೆ. ಸೂಜಿ ಚುಚ್ಚುವ ಪ್ರಸ್ತಾಪವಿಲ್ಲ. 1689ರಲ್ಲಿ ಜಪಾನಿನ ಉತ್ತರ ಭಾಗಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಕವಿ ಬಾಶೊ, ಪಯಣದ ಸಿದ್ಧತೆಯಾಗಿ ಮೊಣಕಾಲಿನ ಕೆಳಗೆ ಮೊಕ್ಸಾ ಇಟ್ಟುಕೊಂಡದ್ದನ್ನು ಬರೆದಿದ್ದಾನೆ. ಎಂದರೆ ಅದು ರೋಗಕ್ಕೆ ಮಾತ್ರವಲ್ಲದೆ ದಿನನಿತ್ಯದ ದಣಿವಿಗೂ ಬಳಕೆಯಲ್ಲಿತ್ತು. 2010ರಲ್ಲಿ ಯುನೆಸ್ಕೊ ಸಂಸ್ಥೆಯು ಚೀನಾದ ಸೂಜಿ ಮತ್ತು ಶಾಖ ಚಿಕಿತ್ಸೆಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಹೋಲುವ ಚಿಕಿತ್ಸೆಯನ್ನು ಕಾಣಲು ನಾವು ಚೀನಾಕ್ಕೆ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ನಮ್ಮ ರಾಜ್ಯದ ಬೈಲಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿದ ಟಿಬೆಟಿನ ನಿರಾಶ್ರಿತರು ತಮ್ಮ ವೈದ್ಯವನ್ನೂ ತಂದರು. ಅದರಲ್ಲಿ ಮೊಕ್ಸಾ ಇದೆ. ಜೊತೆಗೆ ಜೀರಿಗೆಯ ಜಾತಿಯ ಬೀಜಗಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಬಿಸಿ ಎಣ್ಣೆಯಲ್ಲಿ ಅದ್ದಿ, ಹದವಾದ ಮೇಲೆ ಮೈಗೆ ಒತ್ತುವ ಮಂಗೋಲಿಯದ ಪದ್ಧತಿಯೂ ಇದೆ. ಸೋವಾ ರಿಗ್ಪಾ ಎಂಬ ಈ ವೈದ್ಯಪದ್ಧತಿಗೆ ಭಾರತ ಸರ್ಕಾರ 2010ರಲ್ಲಿ ಕಾನೂನಿನ ಮಾನ್ಯತೆ ನೀಡಿತು. ಆ ಎಣ್ಣೆಯ ಗಂಟಿನ ವಿವರ ಕೇಳಿದೊಡನೆ ನಮ್ಮ ಅಜ್ಜಿಯರಿಗೆ ತಮ್ಮ ಉಪ್ಪಿನ ಗಂಟು ನೆನಪಾಗದಿರದು.

ನಮ್ಮ ಗುಡ್ಡದ ಕಾವು

ಚರಕಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯ ಪೂರ್ತಿ ಸ್ವೇದವನ್ನು, ಎಂದರೆ ಕಾವು ಕೊಟ್ಟು ಬೆವರಿಳಿಸುವುದನ್ನು, ಕುರಿತದ್ದು. ಅಗ್ನಿಯ ನೆರವಿನಿಂದ ಮಾಡುವ ಹದಿಮೂರು ಬಗೆಯ ಸ್ವೇದಗಳನ್ನು ಅದು ಹೇಳುತ್ತದೆ. ಎದೆ, ಕಣ್ಣು, ವೃಷಣಗಳಿಗೆ ಕಾವು ಕೊಡಬೇಡಿ, ಕೊಟ್ಟರೂ ಬಹಳ ಮೃದುವಾಗಿ ಕೊಡಿ ಎಂದು ಎಚ್ಚರಿಸುತ್ತದೆ.

ಶಾಸ್ತ್ರವನ್ನು ಓದದವರ ಮನೆಯಲ್ಲಿಯೂ ಈ ತಿಳಿವಳಿಕೆ ಇದೆ. ಹಳ್ಳದ ದಡದ ಲಕ್ಕಿ ಸೊಪ್ಪನ್ನು ಕುದಿಸಿದ ನೀರು ಮೈಕೈ ನೋವಿನ ಸ್ನಾನಕ್ಕೆ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟುವುದು ಮಂಡಿನೋವಿಗೆ. ಬಂದರಿಕೆಯ ಎಲೆಯನ್ನು ಬಿಸಿಮಾಡಿ ಕಟ್ಟುವುದು ಉಳುಕಿಗೆ. ಹುರಿದ ಉಪ್ಪಿನ ಗಂಟು, ಬಿಸಿ ಮರಳಿನ ಗಂಟು ಬೆನ್ನಿಗೆ. ಹೊಲದ ಕೆಲಸ ಮುಗಿಸಿ, ಸೌದೆ ಹೊತ್ತು ತಂದ ತಾಯಂದಿರ ಸೊಂಟಕ್ಕೆ ರಾತ್ರಿ ದೊರೆಯುವ ನೆಮ್ಮದಿ ಬಹುಪಾಲು ಇದೇ ಆಗಿದೆ.

ಕಾವಿನಿಂದ ಹಿತವಾಗುವುದು ಹೇಗೆ? ಬಿಸಿ ತಗುಲಿದ ಕಡೆ ರಕ್ತನಾಳಗಳು ಹಿಗ್ಗಿ ರಕ್ತಸಂಚಾರ ಹೆಚ್ಚುತ್ತದೆ. ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ನೋವಿನ ಅರಿವು ತಗ್ಗುತ್ತದೆ. ಇಷ್ಟರ ಮಟ್ಟಿಗೆ ಮೊಕ್ಸಾದ ಬತ್ತಿಗೂ ಉಪ್ಪಿನ ಗಂಟಿಗೂ ಕೆಲಸ ಒಂದೇ.

ಇದಕ್ಕಿಂತ ಹೆಚ್ಚಿನ ಗುಣವನ್ನು ಹೇಳಿದಾಗ ಪರೀಕ್ಷೆಯನ್ನು ಕೇಳಬೇಕು. ಗರ್ಭದಲ್ಲಿ ಅಡಿಮೇಲಾಗಿ ಕುಳಿತ ಮಗು ತಲೆಕೆಳಗಾಗಿ ತಿರುಗಲು ತಾಯಿಯ ಕಾಲಿನ ಕಿರುಬೆರಳ ಬಳಿ ಮೊಕ್ಸಾದ ಕಾವು ಕೊಡುವುದು ಚೀನಾದ ವಾಡಿಕೆ. ಚೊಚ್ಚಲ ಗರ್ಭಿಣಿಯರಾದ 260 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ 1998ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಕಾವು ಪಡೆದವರಲ್ಲಿ ನೂರಕ್ಕೆ 75 ಮಂದಿಯ, ಪಡೆಯದವರಲ್ಲಿ 48 ಮಂದಿಯ ಮಗು 35ನೆಯ ವಾರಕ್ಕೆ ತಿರುಗಿತ್ತು. ಅನಂತರ ಇಟಲಿಯಲ್ಲಿ ನಡೆದ ಪ್ರಯೋಗ ಅರ್ಧಕ್ಕೇ ನಿಂತಿತು. 2023ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿದವರು, ವಾಡಿಕೆಯ ಆರೈಕೆಯ ಜೊತೆಗೆ ಇದು ನೆರವಾಗುವ ಸಾಧ್ಯತೆಯಿದೆ ಎಂದಿದ್ದಾರೆ. ಇದನ್ನು ಮನೆಯಲ್ಲಿ ಮಾಡಿನೋಡುವಂತಿಲ್ಲ. ಅಡಿಮೇಲಾದ ಮಗುವಿರುವ ಗರ್ಭಿಣಿಯ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು.

ಪರೀಕ್ಷೆಯಿಂದ ಪರಂಪರೆಗೆ ಅವಮಾನವಿಲ್ಲ. ಇದೇ ಆರ್ಟಿಮೀಸಿಯಾ ಕುಲದ ಇನ್ನೊಂದು ಗಿಡದಿಂದ ಮಲೇರಿಯಾದ ಔಷಧವನ್ನು ಬೇರ್ಪಡಿಸಿದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಕ್ರಿ.ಶ. ನಾಲ್ಕನೆಯ ಶತಮಾನದ ಕೈಪಿಡಿಯೊಂದು ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಲು ಹೇಳಿತ್ತು; ಕುದಿಸಲು ಹೇಳಿರಲಿಲ್ಲ. ಆ ಸುಳಿವನ್ನು ಹಿಡಿದು ಅವರು ಕಡಿಮೆ ಶಾಖದಲ್ಲಿ ಸಾರ ತೆಗೆದರು. ಮೊಕ್ಸಾಕ್ಕೆ ಕಾವು ಬೇಕು, ಈ ಔಷಧಕ್ಕೆ ಕಾವೇ ಶತ್ರು. ಹಳೆಯ ಮಾತನ್ನು ಎಚ್ಚರದಿಂದ ಓದಿದವರಿಗೆ ಮಾತ್ರ ಇಂಥ ಭೇದ ತಿಳಿಯುತ್ತದೆ.

ಬರೆಯ ದುಷ್ಪರಿಣಾಮ

ಈಗ ಕಹಿಯಾದ ಮಾತಿಗೆ ಬರುತ್ತೇನೆ. ದನಕರುಗಳಿಗೆ ಬೇನೆ ಬಂದರೆ ಬರೆ ಹಾಕುವುದು ಪಶುಪಾಲಕರ ಹಳೆಯ ರೂಢಿ. ಅದೇ ಬರೆ, ಕೆಲವೆಡೆ ಚುಟಿಗೆ ಎನ್ನುತ್ತಾರೆ, ಕರ್ನಾಟಕದ ಅನೇಕ ಕಡೆ ಹಸುಗೂಸುಗಳ ಹೊಟ್ಟೆಗೂ ಬಿದ್ದಿದೆ. ಮಗು ಅತ್ತರೆ, ಹೊಟ್ಟೆ ಉಬ್ಬಿದರೆ, ಕಾಮಾಲೆಯಾದರೆ, ಉಸಿರು ಮೇಲಕ್ಕೆ ಎಳೆದರೆ, ಕಾದ ಸೂಜಿ, ಬಳೆಯ ಚೂರು ಅಥವಾ ಅರಿಶಿನದ ಕೊಂಬಿನಿಂದ ಸುಡುತ್ತಾರೆ. ಸುಡುವವರಲ್ಲಿ ಕ್ರೌರ್ಯವಿಲ್ಲ, ಮಗು ಉಳಿಯಲೆಂಬ ಹಂಬಲವಿದೆ. ಆದರೆ ಸುಟ್ಟ ಗಾಯದಿಂದ ನಂಜು ಒಳಸೇರುತ್ತದೆ. ಮೂಲ ರೋಗ ಹಾಗೆಯೇ ಉಳಿದು, ಆಸ್ಪತ್ರೆ ಸೇರಬೇಕಾದ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಗಾಯದ ಮೇಲೆ ಬರೆ ಎಳೆದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ನೇರವಾದ ಅರ್ಥ ಬೇಕಿಲ್ಲ.

ಇದು ಹಿರಿಯರ ಶಾಸ್ತ್ರ ಎಂದು ಸಮರ್ಥಿಸುವವರು ಶಾಸ್ತ್ರವನ್ನೇ ಓದಲಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯ ಅಗ್ನಿಕರ್ಮವನ್ನು ಕುರಿತದ್ದು. ಹಿಪ್ಪಲಿ, ಆಡಿನ ಹಿಕ್ಕೆ, ಲೋಹದ ಶಲಾಕೆ ಮುಂತಾದ ಸಾಧನಗಳನ್ನು ಅದು ಹೇಳುತ್ತದೆ. ಯಾರಿಗೆ ಮಾಡಬಾರದು ಎಂಬ ಪಟ್ಟಿಯನ್ನೂ ಕೊಡುತ್ತದೆ. ಆ ಪಟ್ಟಿಯಲ್ಲಿ ಬಾಲರು, ವೃದ್ಧರು, ದುರ್ಬಲರು, ಅಂಜುವವರು ಸ್ಪಷ್ಟವಾಗಿ ಇದ್ದಾರೆ. ಹಸುಗೂಸಿಗೆ ಬರೆ ಹಾಕುವುದನ್ನು ಸುಶ್ರುತನೇ ಒಪ್ಪುವುದಿಲ್ಲ.

ಹಾಗಾದರೆ ಕೂಸಿಗೆ ಕಾವು ಬೇಡವೆ? ಬೇಕು, ಎಲ್ಲರಿಗಿಂತ ಹೆಚ್ಚಾಗಿ ಬೇಕು. ತೂಕ ಕಡಿಮೆಯಿರುವ ಶಿಶು ತನ್ನ ಮೈಶಾಖವನ್ನು ತಾನೇ ಉಳಿಸಿಕೊಳ್ಳಲಾರದು. ಅದಕ್ಕೆ ಅತ್ಯುತ್ತಮವಾದ ಕಾವು ತಾಯಿಯ ಎದೆ. ಬಟ್ಟೆಯಿಲ್ಲದ ಶಿಶುವನ್ನು ತಾಯಿಯ ಬರಿ ಎದೆಗೆ ಆನಿಸಿ, ಮೇಲೆ ಹೊದಿಸಿ, ಎದೆಹಾಲು ಕೊಡುವ ಈ ಕ್ರಮವನ್ನು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದ ವೈದ್ಯರು ರೂಢಿಗೆ ತಂದರು. ಅದಕ್ಕೆ ಕಾಂಗರೂ ತಾಯಿ ಆರೈಕೆ ಎಂದು ಹೆಸರು. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 1.8 ಕಿಲೋಗ್ರಾಮಿಗಿಂತ ಕಡಿಮೆ ತೂಕದ 3,211 ಶಿಶುಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೂಡಲೆ ಈ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಕಾಲುಭಾಗದಷ್ಟು ತಗ್ಗಿತು. ಹಣ ಖರ್ಚಾಗದ, ಹೊಗೆಯಿಲ್ಲದ, ಸುಡದ ಚಿಕಿತ್ಸೆ ಇದು.

ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರಲ್ಲಿ ನೆರೆಯ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೀಗೆ ಹೊರಗಿರಿಸಿದ ಶಿಶು ಮಳೆ ಚಳಿಯ ನಡುವೆ ತೀರಿಕೊಂಡಿತು. ಒಳಗೆ ಒಲೆಯಿದ್ದೂ ಕೂಸು ಹೊರಗೆ ನಡುಗಬೇಕೆಂದು ಯಾವ ದೇವರೂ ಬಯಸಲಾರದು. ಹಟ್ಟಿಯ ಹಿರಿಯರೇ ಮುಂದೆ ನಿಂತು ಬಾಣಂತಿಯನ್ನು ಮನೆಯೊಳಗೆ ಕರೆಯಬೇಕೆಂದು ಕೈಮುಗಿದು ಕೇಳುತ್ತೇನೆ.

ಪಾಲಿಸಬೇಕಾದ ನಿಯಮಗಳು

ಮನೆಯಲ್ಲಿ ಕಾವು ಕೊಡುವವರು ಕೆಲವು ಮಾತುಗಳನ್ನು ನೆನಪಿಡಬೇಕು. ಗಂಟನ್ನು ಮೊದಲು ನಿಮ್ಮ ಮೊಣಕೈಯ ಒಳಭಾಗಕ್ಕೆ ಮುಟ್ಟಿಸಿ ನೋಡಿ. ಚರ್ಮ ನಸುಗೆಂಪಾದರೆ ಸಾಕು, ಉರಿ ಎಂದೊಡನೆ ತೆಗೆಯಿರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೂ ಕುಷ್ಠದಿಂದ ಸ್ಪರ್ಶಜ್ಞಾನ ಕಳೆದವರಿಗೂ ಬಿಸಿ ತಿಳಿಯುವುದಿಲ್ಲ. ಅವರಿಗೆ ಶಾಖ ಬೇಡ. ಹೊಸದಾಗಿ ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ತಣ್ಣೀರ ಬಟ್ಟೆ, ಅನಂತರ ಕಾವು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ದೃಷ್ಟಿಗೇ ಅಪಾಯ. ಉಬ್ಬಸವಿರುವವರ ಮುಂದೆ, ಮುಚ್ಚಿದ ಕೋಣೆಯಲ್ಲಿ, ಮೊಕ್ಸಾವಾಗಲಿ ಧೂಪವಾಗಲಿ ಹೊಗೆ ಒಳ್ಳೆಯದಲ್ಲ. ಹಸುಗೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ, ಅಂಗಾಲು ಅಂಗೈ ಹಳದಿಯಾದರೆ, ಎದೆಗವಚಿಕೊಂಡೇ 108 ವಾಹನ ಹತ್ತಿರಿ. ಆಶಾ ಕಾರ್ಯಕರ್ತೆಗೆ ತಿಳಿಸಿರಿ.

ಗುಡ್ಡ ಉಳಿದರೆ ಸೊಪ್ಪು

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಗುಡ್ಡಗಳನ್ನು ಹೊರಗಿನವರು ಬೋಳುಗುಡ್ಡಗಳೆಂದು ಕರೆಯುತ್ತಾರೆ. ಅವರ ಕಣ್ಣಿಗೆ ಬಂದರಿಕೆ, ತಂಗಡಿ, ಲಕ್ಕಿಗಳೆಲ್ಲ ಬರಿಯ ಪೊದೆಗಳು. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಜಿಲ್ಲೆಯ ಗುಡ್ಡಗಳೆಲ್ಲ ಅದರೊಳಗಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಅದಿರಿನ ಗುಡ್ಡಗಳಲ್ಲಿ ಗಣಿಯ ಪೆಟ್ಟು ಬಿದ್ದಿದೆ. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಅನಂತರ ಷರತ್ತಿನ ಮೇಲೆ ಕೆಲವು ಮರಳಿದವು. ವೇದಾವತಿಯ ಹಳ್ಳಗಳಲ್ಲಿ ಮರಳು ಬಗೆದಾಗ ದಡವೂ ದಡದ ಲಕ್ಕಿಯೂ ಕುಸಿಯುತ್ತವೆ.

ಇವು ಹೊರಗಿನ ಪೆಟ್ಟುಗಳು. ನಮ್ಮ ಕೈಯಿಂದಲೇ ಬೀಳುವ ಪೆಟ್ಟೂ ಒಂದಿದೆ. ಹೊಸ ಹುಲ್ಲು ಚಿಗುರಲೆಂದು ಬೇಸಗೆಯಲ್ಲಿ ಗುಡ್ಡಕ್ಕೆ ಹಚ್ಚುವ ಬೆಂಕಿಯೂ ಒಂದು ಬರೆಯೇ. ಹುಲ್ಲು ಚಿಗುರುವುದು ನಿಜ. ಆದರೆ ವರ್ಷವರ್ಷವೂ ಸುಟ್ಟ ನೆಲದಲ್ಲಿ ಎಳೆಯ ಸಸಿ ಮೇಲೇಳದು. ಮೊದಲ ಮಳೆಗೇ ಬೂದಿಯೊಡನೆ ಮಣ್ಣು ಕೊಚ್ಚಿಹೋಗಿ ಕೆರೆ ಸೇರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ತಿಳಿವಳಿಕೆಯ ದಾಖಲೆ ಪುಸ್ತಕವಿರಬೇಕು. ನಿಮ್ಮ ಅಜ್ಜಿ ಶಾಖಕ್ಕೆ ಬಳಸುವ ಸೊಪ್ಪು ಯಾವುದು, ಯಾವ ಹಳ್ಳದಲ್ಲಿ ಸಿಗುತ್ತದೆ, ಎಷ್ಟು ಬಿಸಿ, ಎಷ್ಟು ಹೊತ್ತು, ಯಾರಿಗೆ ಕೊಡಬಾರದು ಎಂದು ಕೇಳಿ ಬರೆದು ಆ ಪುಸ್ತಕಕ್ಕೆ ಸೇರಿಸಿರಿ. ‘ಯಾರಿಗೆ ಕೊಡಬಾರದು’ ಎಂಬ ಕಾಲಂ ಖಾಲಿ ಬಿಡಬೇಡಿರಿ. ಸೊಪ್ಪು ಕೀಳುವಾಗ ಬೇರನ್ನು ಮುಟ್ಟದೆ, ಪೊದೆಯ ಹೆಚ್ಚಿನ ಪಾಲನ್ನು ಉಳಿಸಿ ಬನ್ನಿರಿ. ಲಕ್ಕಿ ಮತ್ತೆ ಚಿಗುರುತ್ತದೆ.

ಮೊಕ್ಸಾದ ಬತ್ತಿಯನ್ನು ಅಂಗಡಿಯಿಂದ ತರುವ ಅಗತ್ಯ ನಮಗಿಲ್ಲ. ಅದರಿಂದ ಕಲಿಯಬೇಕಾದದ್ದು ಬೆಂಕಿಯನ್ನು ಮೈಯಿಂದ ಎರಡು ಬೆರಳು ದೂರ ಹಿಡಿಯುವ ಸಂಯಮ. ಕೂಸಿನ ಮೈಗೂ ಗುಡ್ಡದ ಮೈಗೂ ಆ ಸಂಯಮವನ್ನು ನಾವು ತೋರಬೇಕಾಗಿದೆ.