ಒಂದೇ ಫೋನ್ ಇದ್ದ ಮನೆಯಲ್ಲಿ ಹಿಂದುಳಿದವರು ಯಾರು?

(ಜುಮಾ ಪ್ರವಚನದ ಸಾರಾಂಶ)



2020ರ ಮಾರ್ಚ್ ತಿಂಗಳನ್ನು ನಾವು ಮರೆತಿಲ್ಲ. ಕೊರೋನಾ ಬಂದು ಶಾಲೆಯ ಬಾಗಿಲು ಮುಚ್ಚಿತು, ಮಸೀದಿಯ ಬಾಗಿಲೂ ಮುಚ್ಚಿತು. ಜುಮಾಕ್ಕೆ ಹೋಗಲಾಗದೆ ಮನೆಯಲ್ಲೇ ಝುಹರ್ ನಿರ್ವಹಿಸಿದೆವು. ಬಾಗಿಲು ಮುಚ್ಚಿದೆಯೆಂದು ನಮಾಝ್ ಬಿಡಲಿಲ್ಲ. ಮಕ್ಕಳ ಕಲಿಕೆಯ ಬಗ್ಗೆಯೂ ನಮಗೆ ಅಷ್ಟೇ ಕಾಳಜಿ ಇತ್ತೇ?

ಪಾಠಗಳು ಫೋನಿನಲ್ಲಿ ಬಂದವು, ಚಂದನ ವಾಹಿನಿಯಲ್ಲೂ ಬಂದವು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನ್. ಅದೂ ಬೆಳಿಗ್ಗೆ ತಂದೆಯ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಿತ್ತು. ಬಿಡುವಾದಾಗ ಮೊದಲು ಮಗನ ಕೈಗೆ ಕೊಟ್ಟೆವು. ಮಗಳಿಗೆ, "ನೀನು ಅಮ್ಮನಿಗೆ ಸಹಾಯ ಮಾಡು, ಆಮೇಲೆ ನೋಡೋಣ" ಎಂದೆವು. ಕೆಲವು ಮನೆಗಳಲ್ಲಿ ಆ 'ಆಮೇಲೆ' ಬರಲೇ ಇಲ್ಲ. ಇದಕ್ಕೆ ಸರಕಾರವನ್ನಷ್ಟೇ ದೂರಿದರೆ ನಮ್ಮ ಹೊಣೆ ತೀರುವುದಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯದಲ್ಲಿ 'ವಿದ್ಯಾಗಮ' ಆರಂಭವಾಯಿತು. ಯಾವ ಮಗುವಿನ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಎಲ್ಲಿ ಸಾದಾ ಫೋನ್ ಮಾತ್ರ ಇದೆ, ಎಲ್ಲಿ ಯಾವುದೂ ಇಲ್ಲ ಎಂದು ನೋಡಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಶಿಕ್ಷಕರು ಮಕ್ಕಳಿರುವಲ್ಲಿಗೇ ಹೋಗಿ ಜಗುಲಿಯಲ್ಲೋ ಮರದ ನೆರಳಲ್ಲೋ ಕೂರಿಸಿ ಕಲಿಸಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ವಿದ್ಯಾಗಮದಿಂದ ನಾವು ಕಲಿಯಬೇಕಾದದ್ದು ಇಷ್ಟೇ: ಪಾಠ ಕಳಿಸುವ ಮೊದಲು, ಅದು ಯಾರಿಗೆ ತಲುಪುವುದಿಲ್ಲ ಎಂದು ಕೇಳಬೇಕು. ಈ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಅಂದು ಅಕ್ಷರ ಕಲಿಯಬೇಕಿದ್ದ ಮಕ್ಕಳು ಇಂದು ದೊಡ್ಡ ತರಗತಿಗಳಲ್ಲಿದ್ದಾರೆ. ತರಗತಿ ಮುಂದೆ ಹೋಗಿದೆ, ಓದು ಮುಂದೆ ಹೋಗಿದೆಯೇ?

ಓದುವ ಆಜ್ಞೆಯೊಂದಿಗೇ ದಿವ್ಯವಾಣಿ ಆರಂಭವಾಯಿತೆಂದು ಹೆಮ್ಮೆಯಿಂದ ಹೇಳುವವರು ನಾವು. ಇಂದು ರಾತ್ರಿ ಊಟದ ನಂತರ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಪಠ್ಯಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸೋಣ. ತಡವರಿಸಿದರೆ ಗದರಿಸುವುದು ಬೇಡ, ಆ ತಪ್ಪು ಮಗುವಿನದ್ದಲ್ಲ. ಮೊಹಲ್ಲಾದಲ್ಲಿ ಕಾಲೇಜು ಓದುವವರು ಮಗ್ರಿಬ್ ಬಳಿಕ ಒಂದು ಗಂಟೆ ಇಂಥ ಮಕ್ಕಳಿಗೆ ಕಲಿಸಲಿ, ಮದ್ರಸದ ಕೋಣೆಯನ್ನು ಅದಕ್ಕಾಗಿ ತೆರೆದಿಡೋಣ. ಅಂದು ಶಾಲೆ ಬಿಟ್ಟ ಹೆಣ್ಣುಮಕ್ಕಳ ಮನೆಗೆ ಹೋಗಿ ಮಾತಾಡೋಣ. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆಯುವ ದಾರಿ ಅವರಿಗೆ ಇನ್ನೂ ಇದೆ.

ಅಲ್ಲಾಹನು ನಮ್ಮ ಲೋಪಗಳನ್ನು ಮನ್ನಿಸಲಿ, ಅವುಗಳನ್ನು ತಿದ್ದಿಕೊಳ್ಳುವ ಸೌಭಾಗ್ಯ ನೀಡಲಿ. ಆಮೀನ್.