ಮದ್ದಿನ ಕೊಂಬಿನ ಹೆಗಲಪಟ್ಟಿ



ನಮ್ಮ ಮಲೆನಾಡಿನವರಿಗೆ ಕೇಪಿನ ಕೋವಿ ಹೊಸದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ಜಡಿದು ಈಡು ಹೊಡೆಯುವ ಕೋವಿ ಅದು. ಅದಕ್ಕೂ ಹಿಂದೆ, 18ನೇ ಶತಮಾನದ ಅಮೆರಿಕದಲ್ಲಿ ಚಕಮಕಿ ಕಲ್ಲಿನ ಕೋವಿ ಹಿಡಿದು ಕಾಡು ತಿರುಗುತ್ತಿದ್ದವರು ಮದ್ದು ತುಂಬಿಕೊಳ್ಳುತ್ತಿದ್ದುದು ದನದ ಕೊಂಬಿನಲ್ಲಿ. ಆ ಕೊಂಬನ್ನು ಹೆಗಲಿಗೆ ತೂಗುಹಾಕುತ್ತಿದ್ದ ಪಟ್ಟಿಯೇ ಇವತ್ತಿನ ನನ್ನ ವಿಷಯ.

ಕೊಂಬೇ ಏಕೆ? ಅದರೊಳಗೆ ನೀರಿಳಿಯದು, ಅದರಿಂದ ಕಿಡಿ ಹಾರದು, ಹೊರಲು ಹಗುರ. ತೆಳ್ಳಗೆ ಹೆರೆದರೆ ಬೆಳಕಿಗೆ ಹಿಡಿದು ಒಳಗೆಷ್ಟು ಮದ್ದು ಉಳಿದಿದೆಯೆಂದೂ ನೋಡಬಹುದು. ಅಗಲವಾದ ಬುಡವನ್ನು ಕುದಿನೀರಿನಲ್ಲಿ ಮೆತ್ತಗಾಗಿಸಿ ಮರದ ಮುಚ್ಚಳ ಬಡಿದು ಕೂರಿಸುತ್ತಿದ್ದರು. ಆರುತ್ತಾ ಬಂದಂತೆ ಕೊಂಬು ಅದನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸುತ್ತ ಮರದ ಮೊಳೆ, ಸಂದಿಗೆ ಜೇನುಮೇಣ. ಚೂಪು ತುದಿಗೆ ತೂತು ಕೊರೆದು ಸಣ್ಣ ಬಿರಡೆ.

ಇಷ್ಟಾದ ಮೇಲೆ ಪಟ್ಟಿಯನ್ನು ಎಲ್ಲಿ ಕಟ್ಟುವುದು? ಕೊಂಬಿನ ನಡುಭಾಗ ಟೊಳ್ಳು. ಅಲ್ಲಿ ತೂತು ಕೊರೆದರೆ ತೇವ ಒಳಗೆ ಹೋಗಿ ಮದ್ದು ಕೆಡುತ್ತದೆ. ಗಟ್ಟಿಯಾಗಿರುವುದು ತುದಿ ಮಾತ್ರ. ಕುಶಲಕರ್ಮಿ ಅಲ್ಲಿಯೇ ಕೈಚಳಕ ತೋರಿಸುತ್ತಿದ್ದ. ತುದಿಯನ್ನು ಕೆತ್ತಿ ಸಪೂರ ಮಾಡುವಾಗ ಒಂದು ಕಡೆ ಬಳೆಯ ಹಾಗೆ ಉಬ್ಬು ಬಿಡುತ್ತಿದ್ದ. ಅದರ ಹಿಂದೆ ಹುರಿ ಸುತ್ತಿ ಗಂಟು ಹಾಕಿದರೆ ಎಷ್ಟು ಎಳೆದರೂ ಜಾರದು. ಇನ್ನೊಂದು ಕೊನೆ ಬುಡದ ಕಡೆಗೆ. ಕೆಲವರು ಮರದ ಮುಚ್ಚಳಕ್ಕೆ ಕಬ್ಬಿಣದ ಕೊಂಡಿ ಹೊಡೆಯುತ್ತಿದ್ದರು, ಕೆಲವರು ಮುಚ್ಚಳದಲ್ಲೇ ಗುಬಟು ಕಡೆದು ಅದರ ಕತ್ತಿಗೆ ಪಟ್ಟಿ ಬಿಗಿಯುತ್ತಿದ್ದರು. ನನಗೆ ಬಹಳ ಮೆಚ್ಚುಗೆಯಾಗುವುದು ಮೂರನೆಯ ಬಗೆ. ಕೊಂಬಿನ ಅಂಚನ್ನೇ ಕಿವಿಯ ಹಾಗೆ ಮುಂದಕ್ಕೆ ಬಿಟ್ಟು, ಮದ್ದಿಗೆ ಸೋಂಕದಂತೆ ಆ ಕಿವಿ ಚುಚ್ಚಿ ಪಟ್ಟಿ ಪೋಣಿಸುವುದು!

ಎರಡು ಕಡೆ ಕಟ್ಟಿದರೆ ಕೊಂಬು ಅಡ್ಡಡ್ಡ ತೂಗುತ್ತದೆ. ಜನಿವಾರದ ಹಾಗೆ ಎಡಹೆಗಲಿನಿಂದ ಬಲಪಕ್ಕೆಗೆ ಪಟ್ಟಿ ಇಳಿಬಿಟ್ಟರೆ ಕೊಂಬಿನ ಬಾಗು ಮೈಗೆ ಒತ್ತಿ ಕೂರುತ್ತದೆ. ಪಟ್ಟಿ ಉದ್ದವಾದರೆ ಓಡುವಾಗ ಸೊಂಟಕ್ಕೆ ಬಡಿಯುತ್ತದೆ, ಗಿಡ್ಡವಾದರೆ ಸುರಿಯಲು ಕೈ ಆಡದು. ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದು ಅಪಾಯ. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಕೊಂಬೇ ಸಿಡಿದುಹೋದೀತು. ಅದಕ್ಕೇ ಒಂದು ಈಡಿಗೆ ಬೇಕಾದಷ್ಟನ್ನೇ ಹಿಡಿಸುವ ಸಣ್ಣ ಅಳತೆಗೊಳವೆ ಇರುತ್ತಿತ್ತು. ಎಷ್ಟೋ ಸಲ ಅದೂ ಇದೇ ಪಟ್ಟಿಗೆ ನೇತಾಡುತ್ತಿತ್ತು.

ಪಟ್ಟಿಗಳಲ್ಲೂ ಬಗೆಬಗೆ: ತೊಗಲಿನದು, ಅಗಸೆನಾರಿನ ನೇಯ್ಗೆಯದು, ಉಣ್ಣೆಯದು. ಅಮೆರಿಕದ ಪೂರ್ವಭಾಗದ ಕಾಡುಗಳ ಮೂಲನಿವಾಸಿಗಳು ಗಿಡದ ನಾರು ಹೊಸೆದು ಹೊರೆ ಹೊರುವ ಪಟ್ಟಿ ಹೆಣೆಯುವುದರಲ್ಲಿ ನಿಪುಣರು. ಮಗ್ಗವಿಲ್ಲದೆ ಬೆರಳುಗಳಲ್ಲೇ ಉಣ್ಣೆ ಹೆಣೆದು, ನಡುವೆ ಬಿಳಿ ಗಾಜಿನ ಮಣಿ ಸೇರಿಸಿದ ಕೊಂಬಿನ ಪಟ್ಟಿಗಳು ಕೆಲವು ಇಂದಿಗೂ ಉಳಿದಿವೆ.

ಕೆಲವು ಮಾತ್ರ ಉಳಿದಿವೆ. ಏಕೆಂದರೆ ಉಣ್ಣೆಯನ್ನು ನುಸಿ ತಿಂದಿತು, ತೊಗಲು ಒಣಗಿ ಒಡೆಯಿತು. ಕೊಂಬಿನ ಮೇಲೆ ಕೊರೆದ ಅಕ್ಷರಗಳಿಗೆ ಆ ಗತಿ ಬರಲಿಲ್ಲ. 1755ರಲ್ಲಿ ಲೇಕ್ ಜಾರ್ಜ್ ಬಳಿಯ ಶಿಬಿರದಲ್ಲಿದ್ದ ಮ್ಯಾಸಚೂಸೆಟ್ಸ್‌ನ ಕಪ್ಪು ಸೈನಿಕ ಜಾನ್ ಬುಷ್ ಕೊರೆದ ಕೊಂಬುಗಳನ್ನು ಇಂದು ವಸ್ತುಸಂಗ್ರಹಾಲಯಗಳು ಜೋಪಾನ ಮಾಡಿವೆ. 1757ರಲ್ಲಿ ಬ್ರಿಟಿಷರ ಫೋರ್ಟ್ ವಿಲಿಯಂ ಹೆನ್ರಿ ಕೋಟೆ ಫ್ರೆಂಚರ ಪಾಲಾದಾಗ ಬುಷ್ ಸೆರೆಸಿಕ್ಕ. ಮತ್ತೆ ಮನೆಗೆ ಮರಳಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1775–76ರ ಬಾಸ್ಟನ್ ಮುತ್ತಿಗೆಯ ಕಾಲದಲ್ಲೂ ಸೈನಿಕರ ಹೆಸರು, ಇಸವಿ ಹೊತ್ತ ಕೊಂಬುಗಳು ಬಹಳ ಹುಟ್ಟಿದವು. ಕೊಂಬಿಗೆ ಒಡೆಯನ ಹೆಸರುಂಟು, ಕೊರೆದವನ ಹೆಸರೂ ಕೆಲವೊಮ್ಮೆ ಉಂಟು. ಪಟ್ಟಿ ಹೆಣೆದ ಕೈಗಳ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ. ಇದು ನನ್ನನ್ನು ಕಾಡುತ್ತದೆ.

ಮುಂದೆ ಲೋಹದ ಮದ್ದುಬುರುಡೆ ಬಂತು. 19ನೇ ಶತಮಾನದ ಉತ್ತರಾರ್ಧದಲ್ಲಿ ಗುಂಡು, ಮದ್ದು, ಕೇಪು ಒಂದರಲ್ಲೇ ಅಡಗಿದ ಲೋಹದ ತೋಟಾ ಬಂದ ಮೇಲೆ ಕೊಂಬು ಗೋಡೆಯ ಮೊಳೆಗೆ ಸೇರಿತು.

ಇಂದಿಗೂ ಅಮೆರಿಕದಲ್ಲಿ ಹಳೆಯ ಕೋವಿಗಳ ಹುಚ್ಚಿರುವವರು ಕೈಯಾರೆ ಕೊಂಬು ಮಾಡುತ್ತಾರೆ. ಪಟ್ಟಿ ಕಟ್ಟಲು ಮಾದರಿ ಬೇಕೆಂದಾಗ ಅವರು ಹಳೆಯ ಕೊಂಬಿನ ತುದಿಯನ್ನು ತಿರುಗಿಸಿ ನೋಡುತ್ತಾರೆ. ಆ ಬಳೆಯುಬ್ಬಿನ ಹಿಂದೆ, ವರ್ಷಗಟ್ಟಲೆ ಹುರಿ ಉಜ್ಜಿ ಉಜ್ಜಿ ನುಣುಪಾದ ಒಂದು ಸಣ್ಣ ತಗ್ಗು ಇರುತ್ತದೆ.